ಪೊರೆಯಲ್ಲಿ ಬೀಡು ಬಿಟ್ಟ ಅರಿಶಿನ: ಔಷಧಕಣ ಶೋಧದ ಒಂದು ವಿಧಾನದ ಬಗ್ಗೆ ಟಿಪ್ಪಣಿ

1. ಉದ್ದೇಶ

ಗುಂಡ್ಲುಪೇಟೆ ತಾಲ್ಲೂಕಿಗೆ ಅರಿಶಿನ ಹಣದ ಬೆಳೆ. ಅಲ್ಲಿನ ಭೀಮನಬೀಡು ಎಂಬ ಊರಿನ ಸೀಮೆಯಲ್ಲಿ ಮುಂಗಾರಿನ ಹೊತ್ತಿಗೆ ಬಿತ್ತನೆ ಗೆಡ್ಡೆ ಮಣ್ಣಿಗೆ ಬೀಳುತ್ತದೆ. ಎಂಟು ಒಂಬತ್ತು ತಿಂಗಳು ಕಳೆದು ಎಲೆ ಒಣಗಿದ ಮೇಲೆ ಕೀಳುವ ಕೆಲಸ. ಕಿತ್ತ ಕೊಂಬನ್ನು ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಹರವಿ, ಪಾಲಿಷ್ ಮಾಡಿದ ಮೇಲೆ ಮಂಡಿಗೆ ಸಾಗಿಸುತ್ತಾರೆ. ಬಹಳಷ್ಟು ಸರಕು ಗಡಿ ದಾಟಿ ಈರೋಡಿಗೆ ಹೋಗುತ್ತದೆ. ಈ ಕೆಲಸ ಮಾಡಿದವರ ಅಂಗೈ ಎಷ್ಟೋ ದಿನ ಹಳದಿಯಾಗಿಯೇ ಇರುತ್ತದೆ. ಬರೀ ನೀರಿನಲ್ಲಿ ಎಷ್ಟು ತೊಳೆದರೂ ಬಿಡದ ಬಣ್ಣ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬಟ್ಟೆಗೆ ಇಳಿಯುತ್ತದೆ.

ಆ ಹಳದಿ ಅಂಗೈಯನ್ನು ಮೊದಲಿಗೇ ತಂದದ್ದಕ್ಕೆ ಕಾರಣವಿದೆ. ಗಿಡಮೂಲಿಕೆಯ ಕಷಾಯದಲ್ಲಿರುವ ನೂರಾರು ಸಂಯುಕ್ತಗಳಲ್ಲಿ ಔಷಧವಾಗಬಲ್ಲದ್ದು ಯಾವುದು ಎಂದು ಹುಡುಕುವುದಕ್ಕೆ ಕಳೆದ ಮೂರು ದಶಕಗಳಲ್ಲಿ ಬೆಳೆದ ವಿಧಾನಗಳಲ್ಲೊಂದು ‘ಜೀವಕೋಶ ಪೊರೆಯ ಕ್ರೊಮೆಟೊಗ್ರಫಿ’. ಜೀವಕೋಶದ ಪೊರೆಗೆ ಯಾವ ಕಣ ಅಂಟಿಕೊಳ್ಳುತ್ತದೆ, ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಅರಿಶಿನವಾದರೋ ಕೈ, ಬಟ್ಟೆ, ಒರಳು, ಗೋಡೆ ಎನ್ನದೆ ಸಿಕ್ಕಿದ್ದಕ್ಕೆಲ್ಲ ಅಂಟುವ ಪದಾರ್ಥ. ಅಂಟುವುದನ್ನೇ ಗುರುತಾಗಿ ಹಿಡಿಯುವ ಉಪಕರಣದ ಮುಂದೆ ಎಲ್ಲಕ್ಕೂ ಅಂಟುವ ಪದಾರ್ಥವನ್ನು ಇಟ್ಟರೆ ಬರುವ ಫಲಿತಾಂಶವನ್ನು ಹೇಗೆ ಓದಬೇಕು? ಈ ಟಿಪ್ಪಣಿಯ ವಿಷಯ ಇಷ್ಟೇ.

2. ಉಪಕರಣ

ಕ್ರೊಮೆಟೊಗ್ರಫಿಯ ಮೂಲತತ್ತ್ವ ಸರಳ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1903ರಲ್ಲಿ ವಿವರಿಸಿದ ಪ್ರಯೋಗದಲ್ಲಿ ಎಲೆಯ ರಸ ಪುಡಿ ತುಂಬಿದ ಗಾಜಿನ ಕೊಳವೆಯೊಳಗೆ ಇಳಿಯುತ್ತ ಬೇರೆ ಬೇರೆ ಬಣ್ಣದ ಪಟ್ಟಿಗಳಾಗಿ ಒಡೆಯಿತು. ಪುಡಿಯೊಂದಿಗೆ ನಂಟು ಹೆಚ್ಚಿದ್ದ ಬಣ್ಣ ಹಿಂದುಳಿಯಿತು, ಕಡಿಮೆ ಇದ್ದದ್ದು ಮುಂದೆ ಹೋಯಿತು. ಇದೇ ತತ್ತ್ವವನ್ನು ಕಾಗದದ ಮೇಲೆ ತಂದಾಗ ಕರ್ನಾಟಕದಿಂದಲೂ ಒಂದು ಕೊಡುಗೆ ಸಂದಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆ. ವಿ. ಗಿರಿ ಮತ್ತು ಸಂಗಡಿಗರು 1950ರ ದಶಕದ ಆರಂಭದಲ್ಲಿ ವೃತ್ತಾಕಾರದ ಕಾಗದ ಕ್ರೊಮೆಟೊಗ್ರಫಿಯನ್ನು ಬೆಳೆಸಿ, ಅಮೈನೊ ಆಮ್ಲಗಳನ್ನು ಉಂಗುರಗಳಂತೆ ಬಿಡಿಸಿ ತೋರಿಸಿದರು.

ಚೀನಾದ ಶಿಯಾನ್ ಜಿಯಾವೊಟಾಂಗ್ ವಿಶ್ವವಿದ್ಯಾಲಯದ ಹೆ ಲಾಂಗ್‌ಚಾಂಗ್ 1990ರ ದಶಕದ ನಡುವೆ ಮಾಡಿದ್ದು ಇದರ ಮುಂದಿನ ಹೆಜ್ಜೆ. ಕೊಳವೆಯೊಳಗಿನ ಪುಡಿಗೆ ಅವರು ಜೀವಕೋಶದ ಪೊರೆಯನ್ನೇ ಹೊದಿಸಿದರು. ಸಿಲಿಕಾ ಪುಡಿಯ ಮೇಲೆ ಪೊರೆ ಹೇಗೆ ಹರಡಿ ಬೆಸೆದುಕೊಳ್ಳುತ್ತದೆ ಎಂಬುದನ್ನು ವಿವರಿಸಿದ ಅವರ ತಂಡದ ಪ್ರಬಂಧ 2001ರಲ್ಲಿ ಬಂತು.

ತಯಾರಿಕೆಯ ಕ್ರಮ ಸ್ಥೂಲವಾಗಿ ಹೀಗಿದೆ. ನಮಗೆ ಬೇಕಾದ ಗ್ರಾಹಿಯನ್ನು, ಎಂದರೆ ಔಷಧ ಬಂದು ಕೂರುವ ಪ್ರೋಟೀನನ್ನು, ಹೇರಳವಾಗಿ ಹೊತ್ತ ಕೋಶಗಳನ್ನು ಬೆಳೆಸಬೇಕು. ಅವುಗಳನ್ನು ಒಡೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪೊರೆಯ ಚೂರುಗಳನ್ನು ಬೇರ್ಪಡಿಸಬೇಕು. ಸುಮಾರು 5 ಮೈಕ್ರೊಮೀಟರ್ ಗಾತ್ರದ ಸಿಲಿಕಾ ಪುಡಿಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಅಣಿ ಮಾಡಿಕೊಂಡು, 4 ಡಿಗ್ರಿಯ ತಂಪಿನಲ್ಲಿ ಪೊರೆಯ ಚೂರುಗಳೊಡನೆ ಕಲಕಬೇಕು. ಸಿಲಿಕಾದ ಮೈಮೇಲಿನ ಗುಂಪುಗಳಿಗೆ ಪೊರೆ ಆತುಕೊಂಡು, ಚೂರಿಗೆ ಚೂರು ಸೇರಿ ಒಂದು ಹೊದಿಕೆಯಾಗುತ್ತದೆ. ಇದನ್ನು ತುಂಬುವ ಉಕ್ಕಿನ ಕಾಲಂ ತೀರ ಚಿಕ್ಕದು. ರೂಢಿಯಲ್ಲಿರುವುದು 10 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಒಳವ್ಯಾಸ. ಲೆಕ್ಕ ಹಾಕಿದರೆ ಒಳಗಿನ ಜಾಗ ಸುಮಾರು 31 ಮೈಕ್ರೊಲೀಟರ್, ಒಂದು ಹನಿ ನೀರಿಗಿಂತ ಕಡಿಮೆ. ಅದರೊಳಗೆ 37 ಡಿಗ್ರಿಯಲ್ಲಿ, ನಿಮಿಷಕ್ಕೆ ಸುಮಾರು 0.2 ಮಿಲಿಲೀಟರ್‌ನಂತೆ, ರಕ್ತದ ಕ್ಷಾರತೆಗೆ ಹತ್ತಿರದ ಪಿಹೆಚ್ 7.4ರ ಲವಣದ್ರಾವಣ ಹರಿಯುತ್ತಿರುತ್ತದೆ.

ಈ ಹರಿವಿನೊಳಗೆ ಗಿಡದ ಸತ್ವವನ್ನು ಚುಚ್ಚಿದರೆ ಪೊರೆಯೊಡನೆ ನಂಟಿಲ್ಲದ ಕಣಗಳು ತಟ್ಟನೆ ಹೊರಬೀಳುತ್ತವೆ. ನಂಟಿರುವವು ತಂಗಿ ತಂಗಿ ಬರುತ್ತವೆ. ನಂಟಿಲ್ಲದ ಕಣಕ್ಕೆ ಒಂದು ನಿಮಿಷ ಹಿಡಿದು, ಇನ್ನೊಂದಕ್ಕೆ ಹನ್ನೊಂದು ನಿಮಿಷ ಹಿಡಿಯಿತೆಂದುಕೊಳ್ಳಿ. ಹೆಚ್ಚಾದ ಹತ್ತು ನಿಮಿಷವನ್ನು ಮೊದಲ ಒಂದು ನಿಮಿಷದಿಂದ ಭಾಗಿಸಿದರೆ ಬರುವ 10 ಎಂಬ ಅಂಕಿಯೇ ಅದರ ತಂಗುವಿಕೆಯ ಅಳತೆ. ತಂಗಿ ಬಂದ ಭಾಗವನ್ನು ಹತ್ತು ಬಾಯಿಯ ಕವಾಟವೊಂದರ ಮೂಲಕ ನೇರವಾಗಿ ಎರಡನೆಯ ಕಾಲಂಗೆ ತಿರುಗಿಸುತ್ತಾರೆ. ಅಲ್ಲಿ ಅದು ಬಿಡಿಬಿಡಿಯಾಗಿ, ರಾಶಿರೋಹಿತಮಾಪಕದಲ್ಲಿ ತೂಕಕ್ಕೆ ಬಂದು ಗುರುತು ಸಿಗುತ್ತದೆ. ಬೇರ್ಪಡಿಸುವುದು, ಪರೀಕ್ಷಿಸುವುದು, ಗುರುತಿಸುವುದು ಈ ಮೂರೂ ಒಂದೇ ಓಟದಲ್ಲಿ ಮುಗಿಯುತ್ತವೆ. ಒಂದೊಂದು ಸಂಯುಕ್ತವನ್ನೂ ಶುದ್ಧ ಮಾಡಿ ಕೋಶಗಳ ಮೇಲೆ ಸುರಿದು ನೋಡುವ ಹಳೆಯ ದಾರಿಗೆ ಹೋಲಿಸಿದರೆ ಉಳಿತಾಯವಾಗುವ ಸಮಯ ದೊಡ್ಡದು.

‘ಬೀಡು’ ಎಂದರೆ ತಂಗುವ ಜಾಗ. ದಂಡು ಬೀಡು ಬಿಟ್ಟಿತು ಎನ್ನುತ್ತೇವೆ. ಕಣ ಬೀಡು ಬಿಟ್ಟಿದೆ ಎಂಬುದನ್ನು ಈ ಕಾಲಂ ನಿಖರವಾಗಿ ಹೇಳುತ್ತದೆ. ಯಾರ ಜಾಗದಲ್ಲಿ ಬಿಟ್ಟಿದೆ ಎಂಬುದನ್ನು ತಾನಾಗಿ ಹೇಳುವುದಿಲ್ಲ. ಗ್ರಾಹಿಯ ಮೇಲೋ, ಪೊರೆಯ ಕೊಬ್ಬಿನಲ್ಲೋ, ಪೊರೆ ಹರಡದೆ ಉಳಿದ ಬರಿಯ ಸಿಲಿಕಾದ ಮೇಲೋ? ಮೂರೂ ಕಡೆ ತಂಗಿದ ಕಣ ಹೊರಬರುವಾಗ ಕಾಗದದ ಮೇಲೆ ಕಾಣುವುದು ಒಂದೇ ಬಗೆಯ ಉಬ್ಬು.

3. ಮನೆಯಲ್ಲೇ ನೋಡಬಹುದಾದ ಮೂರು ಗುಣ

ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್ ಮತ್ತು ಅದರ ಇಬ್ಬರು ತಮ್ಮಂದಿರು. ವೋಗೆಲ್ ಮತ್ತು ಪೆಲ್ಟಿಯೇ 1815ರಲ್ಲಿ ಈ ಹಳದಿಯನ್ನು ಬೇರ್ಪಡಿಸಿದರು. ಅದರ ರಚನೆ ತಿಳಿದದ್ದು 1910ರಲ್ಲಿ. ಒಣ ಕೊಂಬಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು. ಉಳಿದದ್ದರಲ್ಲಿ ಪಿಷ್ಟವೇ ಹೆಚ್ಚು, ಜೊತೆಗೆ ಪರಿಮಳದ ಎಣ್ಣೆ. ಕರ್ಕ್ಯುಮಿನ್ನಿನ ಸ್ವಭಾವ ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ನಮ್ಮ ಮನೆಗಳಲ್ಲಿ ದಿನವೂ ಕಾಣುವ ಮೂರು ಸಂಗತಿ ಸಾಕು.

ಮೊದಲನೆಯದು, ನೀರಿಗೆ ಬಗ್ಗದೆ ಎಣ್ಣೆಗೆ ಬಗ್ಗುವುದು. ಒಗ್ಗರಣೆಯ ಎಣ್ಣೆಗೆ ಚಿಟಿಕೆ ಅರಿಶಿನ ಬಿದ್ದೊಡನೆ ಬಣ್ಣ ಬಿಚ್ಚಿಕೊಳ್ಳುತ್ತದೆ. ಬರೀ ನೀರಿಗೆ ಹಾಕಿದರೆ ಪುಡಿ ತಳಕ್ಕಿಳಿದು ಕೂರುತ್ತದೆ. ಜೀವಕೋಶದ ಪೊರೆ ಎಂದರೆ ಎರಡು ಪದರದ ಕೊಬ್ಬು. ಎಣ್ಣೆಯ ಕಡೆ ಒಲವಿರುವ ಕಣ ಆ ಪದರದೊಳಗೆ ನುಸುಳಿಕೊಳ್ಳಲು ಗ್ರಾಹಿಯ ಅಗತ್ಯವೇ ಇಲ್ಲ. 2014ರಲ್ಲಿ ಇಂಗೊಲ್ಫ್‌ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್, ದ್ರಾಕ್ಷಿಯ ರೆಸ್ವೆರಟ್ರಾಲ್ ಸೇರಿದಂತೆ ಐದು ಸಸ್ಯಸಂಯುಕ್ತಗಳನ್ನು ಪರೀಕ್ಷಿಸಿದರು. ಇವು ಪೊರೆಯ ಗುಣವನ್ನೇ ಮಾರ್ಪಡಿಸಿ, ಅದರಲ್ಲಿ ಹುದುಗಿರುವ ಪರಸ್ಪರ ಸಂಬಂಧವಿಲ್ಲದ ಪ್ರೋಟೀನುಗಳ ಕೆಲಸವನ್ನೆಲ್ಲ ಏರುಪೇರು ಮಾಡುತ್ತವೆ ಎಂದು ತೋರಿಸಿದರು. ನೆಲ ಅಲುಗಾಡಿದರೆ ಮೇಲಿರುವ ಎಲ್ಲ ಕಂಬವೂ ಅಲ್ಲಾಡುತ್ತದೆ. ಒಂದು ಕಂಬ ಅಲ್ಲಾಡಿದ್ದನ್ನು ಕಂಡು ಅದನ್ನೇ ಯಾರೋ ತಳ್ಳಿದರು ಎನ್ನಲಾಗದು.

ಎರಡನೆಯದು, ಸುಣ್ಣ ಬೆರೆತರೆ ಕೆಂಪಾಗುವುದು. ಆರತಿ ತಟ್ಟೆಯ ಓಕುಳಿ ನೀರಿನ ಗುಟ್ಟು ಇದು. ಕ್ಷಾರದಲ್ಲಿ ಕರ್ಕ್ಯುಮಿನ್ ತನ್ನ ಹೈಡ್ರೊಜನ್ನನ್ನು ಬಿಟ್ಟುಕೊಟ್ಟು ಬಣ್ಣ ಬದಲಿಸುತ್ತದೆ. ಜೊತೆಗೆ ಮುರಿಯಲೂ ತೊಡಗುತ್ತದೆ. ಸುಣ್ಣದಷ್ಟು ಕ್ಷಾರವೂ ಬೇಕಿಲ್ಲ. ಪಿಹೆಚ್ 7.2ರ ಫಾಸ್ಫೇಟ್ ದ್ರಾವಣದಲ್ಲಿ, 37 ಡಿಗ್ರಿಯಲ್ಲಿ, ಸುಮಾರು ಶೇ. 90ರಷ್ಟು ಕರ್ಕ್ಯುಮಿನ್ ಅರ್ಧ ಗಂಟೆಯೊಳಗೆ ವಿಘಟನೆಯಾಗುತ್ತದೆ ಎಂದು 1997ರ ಒಂದು ಅಧ್ಯಯನ ತೋರಿಸಿತು. ಪೊರೆಯ ಕಾಲಂ ಓಡುವುದು ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿ ಎಂಬುದನ್ನು ಗಮನಿಸಬೇಕು. ಚುಚ್ಚಿದ ಕಣವೇ ಹೊರಬಂತೋ, ಅದರ ಮುರುಕು ಬಂತೋ ಎಂಬುದನ್ನು ತೂಕ ನೋಡಿಯೇ ಹೇಳಬೇಕು.

ಮೂರನೆಯದು, ಬಿಸಿಲಿಗೆ ಮಾಸುವುದು. ಬಟ್ಟೆಯ ಅರಿಶಿನದ ಕಲೆಯನ್ನು ಬಿಸಿಲಿಗೆ ಹಾಕಿ ತೆಗೆಯುವುದು ಹೆಂಗಸರಿಗೆ ಹಿಂದಿನಿಂದ ಗೊತ್ತಿರುವ ಉಪಾಯ. ಬೆಳಕಿನಲ್ಲಿ ಇಟ್ಟ ದ್ರಾವಣ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಹೀಗಾಗಿ ಬೆಳಗಿನ ಓಟವನ್ನೂ ಸಂಜೆಯ ಓಟವನ್ನೂ ಹೋಲಿಸುವವರು ಮಾದರಿಯನ್ನು ಕತ್ತಲಲ್ಲಿ ಇಟ್ಟಿದ್ದೆವೆಂದು ಬರೆದಿರಬೇಕು.

ಉಪಕರಣದ ಪರವಾಗಿಯೂ ಒಂದು ಮಾತು ಹೇಳಬೇಕು. ಬಣ್ಣ ಅಥವಾ ಮಿನುಗು ನೋಡಿ ತೀರ್ಪು ಕೊಡುವ ಎಷ್ಟೋ ಪರೀಕ್ಷೆಗಳನ್ನು ಕರ್ಕ್ಯುಮಿನ್ ತನ್ನದೇ ಬಣ್ಣದಿಂದ, ತನ್ನದೇ ಮಿನುಗಿನಿಂದ ದಾರಿ ತಪ್ಪಿಸುತ್ತದೆ. ತೂಕ ನೋಡುವ ಈ ವ್ಯವಸ್ಥೆ ಆ ಮೋಸಕ್ಕೆ ಸಿಗುವುದಿಲ್ಲ. ಅದು ಸಿಕ್ಕಿಬೀಳುವುದು ಅಂಟಿನ ಮೋಸಕ್ಕೆ.

4. ಹೋಲಿಕೆಯ ಕಾಲಂಗಳು

ಆದ್ದರಿಂದ ಅರಿಶಿನದ ಸತ್ವವನ್ನು ಪೊರೆಯ ಕಾಲಂನಲ್ಲಿ ಓಡಿಸುವವರು ಒಂದು ಕಾಲಂನ ಫಲಿತಾಂಶವನ್ನು ಪ್ರಕಟಿಸಬಾರದು, ಕಡಿಮೆಯೆಂದರೆ ಮೂರನ್ನು ಅಕ್ಕಪಕ್ಕ ಇಡಬೇಕು ಎಂಬುದು ನನ್ನ ಸೂಚನೆ. ಗ್ರಾಹಿ ಹೇರಳವಾಗಿರುವ ಪೊರೆಯದು ಒಂದು. ಅದೇ ಕೋಶದ, ಆದರೆ ಆ ಗ್ರಾಹಿಯನ್ನು ಹೆಚ್ಚುವರಿಯಾಗಿ ತುಂಬದ ಪೊರೆಯದು ಎರಡು. ಪೊರೆಯೇ ಇಲ್ಲದ ಬರಿಯ ಸಿಲಿಕಾದ್ದು ಮೂರು. ಮೊದಲನೆಯದರಲ್ಲಿ ಹೆಚ್ಚು ತಂಗಿ ಉಳಿದೆರಡರಲ್ಲಿ ಬೇಗ ಹೊರಬಿದ್ದ ಕಣದ ಬಗ್ಗೆ ಮಾತ್ರ ಗ್ರಾಹಿಯ ಹೆಸರು ಎತ್ತಬಹುದು. ಮೂರರಲ್ಲೂ ಒಂದೇ ಸಮ ತಂಗಿದ್ದರೆ ನಾವು ಕಂಡದ್ದು ಗುಂಡ್ಲುಪೇಟೆಯ ಕೂಲಿಯವರ ಅಂಗೈಯಲ್ಲಿ ಕಂಡ ಗುಣವನ್ನೇ.

ಮುಂದಿನ ಪರೀಕ್ಷೆ ಪೈಪೋಟಿಯದು. ಆ ಗ್ರಾಹಿಗೇ ಕೂರುವುದೆಂದು ಖಾತ್ರಿಯಾಗಿರುವ ಔಷಧವೊಂದನ್ನು ಹರಿವಿನ ದ್ರಾವಣದಲ್ಲೇ ಬೆರೆಸಬೇಕು. ಕ್ಯಾನ್ಸರಿನಲ್ಲಿ ಹೆಸರಾದ ಇಜಿಎಫ್‌ಆರ್ ಗ್ರಾಹಿಯಾದರೆ ಗೆಫಿಟಿನಿಬ್, ಪ್ರಾಸ್ಟೇಟಿನ ಆಲ್ಫಾ ಗ್ರಾಹಿಯಾದರೆ ಟ್ಯಾಮ್ಸುಲೊಸಿನ್. ಜಾಗ ಆಗಲೇ ಭರ್ತಿಯಾಗಿರುವುದರಿಂದ ಅದೇ ಜಾಗವನ್ನು ಬಯಸುವ ಹೊಸ ಕಣ ತಂಗಲಾರದೆ ಬೇಗ ಹೊರಬೀಳಬೇಕು. ಬೀಳದಿದ್ದರೆ ಅದು ತಂಗುತ್ತಿದ್ದದ್ದು ಬೇರೆ ಕಡೆ.

ಅರಿಶಿನದಲ್ಲಿ ಪ್ರಕೃತಿಯೇ ಇಟ್ಟಿರುವ ಇನ್ನೊಂದು ಒರೆಗಲ್ಲಿದೆ. ಅದರ ಉಪಯೋಗವನ್ನು ಪೂರ್ತಿ ಪಡೆಯಬೇಕು. ಕರ್ಕ್ಯುಮಿನ್ನಿನ ಅಣುತೂಕ ಸುಮಾರು 368. ಒಂದು ಮಿಥಾಕ್ಸಿ ಗುಂಪು ಕಳೆದುಕೊಂಡ ತಮ್ಮನದು 338, ಎರಡೂ ಕಳೆದುಕೊಂಡವನದು 308. ಮೂವರ ಅಸ್ಥಿಪಂಜರ ಒಂದೇ. ಈ ಮೂವರನ್ನೂ ಅಳತೆ ಮಾಡಿ ಬೇರ್ಪಡಿಸುವ ಸುಧಾರಿತ ವಿಧಾನವನ್ನು ಮೈಸೂರಿನ ಸಿಎಫ್‌ಟಿಆರ್‌ಐನ ಜಯಪ್ರಕಾಶ, ಜಗನ್ ಮೋಹನ ರಾವ್ ಮತ್ತು ಸಕರಿಯ 2002ರಲ್ಲಿ ಪ್ರಕಟಿಸಿದ್ದಾರೆ. ಗ್ರಾಹಿಯೊಂದು ನಿಜಕ್ಕೂ ಬೀಗದಂತೆ ಕೆಲಸ ಮಾಡುತ್ತಿದ್ದರೆ ಹಲ್ಲು ಸವೆದ ಕೀಲಿಗೂ ಸವೆಯದ ಕೀಲಿಗೂ ವ್ಯತ್ಯಾಸ ಕಾಣಬೇಕು. ಕೊಬ್ಬಿನಲ್ಲಿ ಕರಗುವ ಗುಣವಷ್ಟೇ ಕೆಲಸ ಮಾಡುತ್ತಿದ್ದರೆ ಮೂವರೂ ಗ್ರಾಹಿಯ ಕಾಲಂನಲ್ಲೂ ಸಾದಾ ಪೊರೆಯ ಕಾಲಂನಲ್ಲೂ ಒಂದೇ ಅನುಕ್ರಮದಲ್ಲಿ, ಒಂದೇ ಅಂತರದಲ್ಲಿ ಬರುತ್ತಾರೆ. ಬೇರೆ ಗಿಡಗಳ ಶೋಧದಲ್ಲಿ ಇಂಥ ಸರಣಿಯನ್ನು ದುಡ್ಡು ಕೊಟ್ಟು ತಯಾರಿಸಬೇಕು. ಇಲ್ಲಿ ಒಂದೇ ಕೊಂಬಿನಲ್ಲಿ ಸಿಗುತ್ತದೆ.

ಒಂದು ತೊಡಕನ್ನೂ ಇಲ್ಲೇ ದಾಖಲಿಸುತ್ತೇನೆ. ನೀರಿನಲ್ಲಿ ಗುಂಪುಗಟ್ಟಿ ಪ್ರೋಟೀನಿಗೆ ಮುತ್ತಿಕೊಳ್ಳುವ ಕಣಗಳನ್ನು ಪತ್ತೆ ಮಾಡಲು ಸಾಮಾನ್ಯ ಪರೀಕ್ಷೆಗಳಲ್ಲಿ ತುಸು ಮಾರ್ಜಕ ಬೆರೆಸಿ ನೋಡುವ ರೂಢಿಯಿದೆ. ಪೊರೆಯ ಕಾಲಂನಲ್ಲಿ ಅದು ಆಗದ ಮಾತು. ಸೋಪು ಹೊಕ್ಕರೆ ಪೊರೆಯೇ ಕರಗಿ ಹರಿದುಹೋಗುತ್ತದೆ. ಸೋಪಿಲ್ಲದೆಯೂ ಈ ಹೊದಿಕೆಯ ಆಯಸ್ಸು ಕಡಿಮೆ, ಕೆಲವೇ ದಿನ. ಹೊದಿಕೆ ಸವೆದಂತೆ ಬರಿಯ ಸಿಲಿಕಾ ಬಯಲಾಗುತ್ತದೆ. ಪೊರೆಯನ್ನು ರಾಸಾಯನಿಕ ಬಂಧದಿಂದ ಸಿಲಿಕಾಗೆ ಕಟ್ಟಿ ಆಯಸ್ಸು ಹೆಚ್ಚಿಸುವ ಕ್ರಮಗಳು ಈಚೆಗೆ ಬಂದಿವೆ. ಆದರೂ ಪರಿಚಿತ ಔಷಧವೊಂದನ್ನು ದಿನವೂ ಓಡಿಸಿ, ಅದರ ತಂಗುಕಾಲ ನಿನ್ನೆಯಷ್ಟೇ ಇದೆಯೇ ಎಂದು ನೋಡದೆ ಆ ದಿನದ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

5. ಕಾಲಂನಿಂದ ಹಾಸಿಗೆಯವರೆಗೆ

ಕಾಲಂನಲ್ಲಿ ತಂಗಿದ ಕಣ ರೋಗಿಗೆ ಮದ್ದಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೊಂದು ಉದಾಹರಣೆ ನೋಡೋಣ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಗೂಡಲೂರಿನ ಮೇಲೆ ಊಟಿಗೆ ಹೋಗುವ ದಾರಿಯಲ್ಲಿ ನಡುವಟ್ಟಂ ಸಿಗುತ್ತದೆ. 1860ರ ದಶಕದಲ್ಲಿ ಬ್ರಿಟಿಷರು ಸಿಂಕೋನ ತೋಟ ಎಬ್ಬಿಸಿದ ಜಾಗಗಳಲ್ಲೊಂದು ಅದು. ಸಿಂಕೋನದ ತೊಗಟೆಯ ಕ್ವಿನೈನ್ ಮಲೇರಿಯಾಕ್ಕೆ ಮದ್ದೆಂಬುದು ಯಾವ ಗ್ರಾಹಿಯ ಪರಿಚಯವೂ ಇಲ್ಲದ ಕಾಲದಲ್ಲಿ, ಜ್ವರ ಇಳಿದದ್ದನ್ನು ಕಂಡು ತಿಳಿದ ಸಂಗತಿ. ಅದೇ ವಂಶದಲ್ಲಿ, ಪ್ರಯೋಗಾಲಯದಲ್ಲಿ ಹುಟ್ಟಿದ ಕ್ಲೋರೊಕ್ವಿನ್ 2020ರಲ್ಲಿ ಪೊರೆಯ ಕಾಲಂ ಹೊಕ್ಕಿತು. ಕೊರೊನಾ ವೈರಸ್ ಕೋಶದೊಳಗೆ ನುಗ್ಗಲು ಬಳಸುವ ಎಸಿಇ2 ಪ್ರೋಟೀನನ್ನು ಹೇರಳವಾಗಿ ಹೊತ್ತ ಪೊರೆಯಿಂದ ಶಿಯಾನಿನ ಅದೇ ತಂಡ ಕಾಲಂ ಕಟ್ಟಿತು. ಅದರಲ್ಲಿ ಕ್ಲೋರೊಕ್ವಿನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ತಂಗಿದವು. ಬದಲಿ ವೈರಸ್ ಬಳಸಿ ಮಾಡಿದ ಕೋಶಪರೀಕ್ಷೆಯಲ್ಲೂ ಪ್ರವೇಶ ತಡೆದವು.

ಆಸ್ಪತ್ರೆಯ ಹಾಸಿಗೆ ಬೇರೆ ಉತ್ತರ ಕೊಟ್ಟಿತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಪಡೆದ 1561 ರೋಗಿಗಳಲ್ಲಿ 28 ದಿನಗಳೊಳಗೆ ಸತ್ತವರು ಶೇ. 27. ಎಂದಿನ ಆರೈಕೆಯಷ್ಟೇ ಪಡೆದ 3155 ಮಂದಿಯಲ್ಲಿ ಶೇ. 25. ಪ್ರಯೋಜನವಿಲ್ಲ ಎಂಬ ಸುದ್ದಿ 2020ರ ಜೂನಿನಲ್ಲೇ ಹೊರಬಿತ್ತು. ಮರುವರ್ಷ ಟುಮ್ಮಿನೊ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಪ್ರಬಂಧ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಕೊರೊನಾಕ್ಕೆಂದು ಕೋಶಪರೀಕ್ಷೆಗಳಲ್ಲಿ ಗೆದ್ದು ಬಂದ ಹಳೆಯ ಔಷಧಗಳಲ್ಲಿ ಅನೇಕವು ಯಾವುದೇ ನಿರ್ದಿಷ್ಟ ಗುರಿಯಿಂದಲ್ಲ, ಕೋಶದ ಕೊಬ್ಬಿನ ನಿರ್ವಹಣೆಯನ್ನು ಕೆಡಿಸುವುದರಿಂದ ಗೆದ್ದಿದ್ದವು ಎಂದು ಅದು ತೋರಿಸಿತು. ಹೈಡ್ರಾಕ್ಸಿಕ್ಲೋರೊಕ್ವಿನ್ ಅದೇ ಜಾತಿಯ ಕಣ. ಕಾಲಂ ಸುಳ್ಳು ಹೇಳಲಿಲ್ಲ. ಅಂಟಿದ್ದನ್ನು ಅಂಟಿತು ಎಂದಿತು. ಅದರ ಮಾತಿಗೆ ನಾವು ಕೊಟ್ಟ ಅರ್ಥ ದೊಡ್ಡದಾಯಿತು.

ಅರಿಶಿನದ ದಾರಿಯೂ ಹೆಚ್ಚು ಬೇರೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಶೋಭಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಲಭ್ಯತೆ ಶೇ. 2000ದಷ್ಟು ಹೆಚ್ಚಿತು. ಈ ಅಂಕಿ ಜಾಹೀರಾತುಗಳಲ್ಲಿ ಬಹಳ ಓಡಾಡಿದೆ. ಶೂನ್ಯಕ್ಕೆ ಹತ್ತಿರದ್ದು ಇಪ್ಪತ್ತು ಪಟ್ಟು ಹೆಚ್ಚಿದರೂ ಸಣ್ಣದಾಗಿಯೇ ಉಳಿಯಬಹುದು ಎಂಬ ಲೆಕ್ಕವನ್ನು ಜಾಹೀರಾತು ಹೇಳುವುದಿಲ್ಲ. 2017ರಲ್ಲಿ ನೆಲ್ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್ನಿನ ಔಷಧರಸಾಯನವನ್ನು ಕೂಲಂಕಷವಾಗಿ ಪರಿಶೀಲಿಸಿದರು. 120ಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ, ಕಟ್ಟುನಿಟ್ಟಾದ ಹೋಲಿಕೆಯಿರುವ ಒಂದೂ ಗೆದ್ದಿಲ್ಲ ಎಂಬುದು ಅವರ ತೀರ್ಮಾನ. ಅವರು ಮಾತಾಡಿದ್ದು ಶುದ್ಧ ಕರ್ಕ್ಯುಮಿನ್ ಬಗ್ಗೆ. ಅರಿಶಿನದ ಉಳಿದ ಸಂಯುಕ್ತಗಳ ಕತೆ ಅದರಿಂದ ಮುಗಿಯುವುದಿಲ್ಲ, ಮಿಶ್ರಣವನ್ನೇ ಓಡಿಸಬಲ್ಲ ಪೊರೆಯ ಕಾಲಂಗೆ ನಿಜವಾದ ಕೆಲಸ ಇರುವುದೂ ಅಲ್ಲೇ.

ಅರಿಶಿನದ ಪೇಟೆಂಟ್ ವಿವಾದವನ್ನು ಇಲ್ಲಿ ಸಾಕ್ಷಿಯಾಗಿ ತರುವವರಿದ್ದಾರೆ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕ 1995ರಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ಸಿಎಸ್‌ಐಆರ್ ಪ್ರಶ್ನಿಸಿತು, 1997ರಲ್ಲಿ ಅದು ರದ್ದಾಯಿತು. ಅಲ್ಲಿ ಸಾಬೀತಾದದ್ದು ಈ ಬಳಕೆ ಹೊಸದಲ್ಲ ಎಂಬುದು. ಯಾವ ಕಣ, ಯಾವ ಗ್ರಾಹಿಯ ಮೂಲಕ, ಎಷ್ಟು ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಆ ಕಟಕಟೆಗೆ ಬಂದದ್ದೇ ಅಲ್ಲ.

6. ಮಾದರಿ ಎಲ್ಲಿಂದ

ಉಪಕರಣದ ಬಗ್ಗೆ ಪುಟಗಟ್ಟಲೆ ಬರೆಯುವ ಪ್ರಬಂಧಗಳು ಮಾದರಿಯನ್ನು ‘ಮಾರುಕಟ್ಟೆಯಿಂದ ಕೊಂಡದ್ದು’ ಎಂಬ ಎರಡು ಪದಗಳಲ್ಲಿ ಮುಗಿಸುವುದುಂಟು. ಮಂಡಿ ಸೇರಿದ ಅರಿಶಿನದಲ್ಲಿ ಹತ್ತು ಊರಿನ ಕೊಂಬು ಬೆರೆತಿರುತ್ತದೆ. ಪುಡಿಯಾದರಂತೂ ಸೀಸದ ಕ್ರೋಮೇಟ್, ಮೆಟಾನಿಲ್ ಯೆಲ್ಲೋ ಮುಂತಾದ ಬಣ್ಣದ ಕಲಬೆರಕೆಯ ಭಯ. ಬೇಯಿಸಿದಾಗ ಪಿಷ್ಟ ಬೆಂದು ಬಣ್ಣ ಕೊಂಬಿನ ಒಳಗೆಲ್ಲ ಸಮನಾಗಿ ಹರಡುತ್ತದೆ, ಪರಿಮಳದ ಎಣ್ಣೆಯಲ್ಲಿ ಒಂದಿಷ್ಟು ಹಬೆಯೊಡನೆ ಹೋಗುತ್ತದೆ. ಬೇಯಿಸುವ ಜಾಗದ ಅಂಚಿನಲ್ಲಿ ನಿಂತವರಿಗೆ ಆ ಘಾಟು ಮೂಗಿಗೇ ಗೊತ್ತಾಗುತ್ತದೆ. ಹಾಗಾಗಿ ಹಸಿ ಕೊಂಬು, ಬೆಂದ ಕೊಂಬು, ಪಾಲಿಷ್ ಆದ ಕೊಂಬು ಇವು ಕಾಲಂನ ಮಟ್ಟಿಗೆ ಮೂರು ಬೇರೆ ಪದಾರ್ಥಗಳು.

ಭೀಮನಬೀಡಿನಂಥ ಊರಿನ ಒಂದೇ ಹೊಲದಿಂದ, ತಳಿಯ ಹೆಸರು, ಕಿತ್ತ ದಿನ, ಬೇಯಿಸಿದ ಹೊತ್ತು ಬರೆದಿಟ್ಟುಕೊಂಡು, ಮೂರು ಹಂತಗಳಲ್ಲಿ ತೆಗೆದ ಮಾದರಿ ಯಾವ ಮಂಡಿಯಲ್ಲೂ ಸಿಗುವುದಿಲ್ಲ. ಅದನ್ನು ಕೊಡಬಲ್ಲವನು ಬೆಳೆಗಾರ. ಬೆಳೆಗಾರನ ಹೆಸರಿಗೂ ಅವನ ಲೆಕ್ಕದ ಪುಸ್ತಕಕ್ಕೂ ಪ್ರಬಂಧದಲ್ಲಿ ಜಾಗವಿರಬೇಕು.

7. ಸೂಚನೆ

ಇಷ್ಟರಿಂದ ಹೊಮ್ಮುವುದು ಒಂದು ಬರವಣಿಗೆಯ ಕ್ರಮ. ಪೊರೆಯ ಕಾಲಂನ ಫಲಿತಾಂಶ ಬರೆಯುವಾಗ ‘ತಂಗಿತು’, ‘ಗ್ರಾಹಿಯಲ್ಲಿ ತಂಗಿತು’, ‘ಗ್ರಾಹಿಯ ಕೆಲಸವನ್ನು ಬದಲಿಸಿತು’, ‘ರೋಗಿಗೆ ಗುಣವಾಯಿತು’ ಎಂಬ ನಾಲ್ಕು ವಾಕ್ಯಗಳನ್ನು ಬೇರೆಬೇರೆಯಾಗಿಯೇ ಇಡಬೇಕು. ಮೊದಲನೆಯದಕ್ಕೆ ಒಂದು ಕಾಲಂ ಸಾಕು. ಎರಡನೆಯದಕ್ಕೆ ಹೋಲಿಕೆಯ ಕಾಲಂಗಳೂ ಪೈಪೋಟಿಯೂ ಬೇಕು. ಮೂರನೆಯದಕ್ಕೆ ಜೀವಂತ ಕೋಶ ಬೇಕು, ಏಕೆಂದರೆ ಗ್ರಾಹಿಯಲ್ಲಿ ಕೂತ ಕಣ ಅದನ್ನು ಎಬ್ಬಿಸಲೂಬಹುದು, ಮಲಗಿಸಲೂಬಹುದು, ಸುಮ್ಮನೆ ಕೂತಿರಲೂಬಹುದು. ನಾಲ್ಕನೆಯದಕ್ಕೆ ಆಸ್ಪತ್ರೆ ಬೇಕು. ಒಂದಕ್ಕಿರುವ ಸಾಕ್ಷಿಯನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ.

ಮೊದಲ ಓಟಕ್ಕೆ ಅರಿಶಿನವನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಎಣಿಕೆ. ಎಲ್ಲಕ್ಕೂ ಅಂಟುವ ಈ ಪದಾರ್ಥದ ಎದುರು ನಿಂತು ಗ್ರಾಹಿಯ ಅಂಟನ್ನೂ ಬರಿಯ ಅಂಟನ್ನೂ ಬೇರೆ ಮಾಡಿ ತೋರಿಸಬಲ್ಲ ಕಾಲಂ, ಬಂಡೀಪುರದ ಅಂಚಿನ ಬೇರೆ ಯಾವ ಬೇರು ತೊಗಟೆಯ ವಿಷಯದಲ್ಲಿ ಹೇಳುವ ಮಾತನ್ನೂ ಕಿವಿಗೊಟ್ಟು ಕೇಳಬಹುದು.